420ಕ್ಕೆ ಎದುರಾಗಿ ಒಂದು ಮತ

2001ರ ಸೆಪ್ಟೆಂಬರ್ 14 ಶುಕ್ರವಾರವಾಗಿತ್ತು. ನ್ಯೂಯಾರ್ಕ್‌ನ ಅವಳಿ ಗೋಪುರಗಳು ಕುಸಿದು ಮೂರೇ ದಿನಗಳಾಗಿದ್ದವು. ಸುಮಾರು ಮೂರು ಸಾವಿರ ಮಂದಿ ನಿರಪರಾಧಿಗಳು ಸತ್ತಿದ್ದರು. ಅಂದು ಮಧ್ಯಾಹ್ನ ವಾಷಿಂಗ್ಟನ್‌ನ ರಾಷ್ಟ್ರೀಯ ಕೆಥೆಡ್ರಲ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ದೇಶದ ಗಣ್ಯರೆಲ್ಲ ಪ್ರಾರ್ಥನೆಗೆ ಸೇರಿದ್ದರು. ಮುಸ್ಲಿಮರ ಪರವಾಗಿ ಅಲ್ಲಿ ಪ್ರಾರ್ಥಿಸಿದವರು ಭಾರತದಲ್ಲಿ ಹುಟ್ಟಿ, ಲಕ್ನೋದ ನದ್ವತುಲ್ ಉಲಮಾದಲ್ಲಿ ಕಲಿತ ವಿದ್ವಾಂಸ ಡಾ. ಮುಝಮ್ಮಿಲ್ ಸಿದ್ದೀಖಿ. ಕೆಥೆಡ್ರಲ್‌ನ ಮುಖ್ಯ ಪಾದ್ರಿ ತಮ್ಮ ಪ್ರಾರ್ಥನೆಯಲ್ಲಿ, ನಾವು ಯಾವ ಕೇಡನ್ನು ಖಂಡಿಸುತ್ತಿದ್ದೇವೋ ಆ ಕೇಡೇ ನಾವಾಗದಂತೆ ಕಾಪಾಡು ಎಂಬರ್ಥದ ಮಾತೊಂದನ್ನು ಬೇಡಿಕೊಂಡರು. ಸಭೆಯಲ್ಲಿದ್ದ ಹೆಚ್ಚಿನವರು ಅದನ್ನು ಕೇಳಿ ಎದ್ದು ಹೋದರು. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕ್ಷೇತ್ರದ ಪ್ರತಿನಿಧಿ ಬಾರ್ಬರಾ ಲೀ ಮಾತ್ರ ಆ ಮಾತನ್ನು ಹೊತ್ತುಕೊಂಡು ನೇರವಾಗಿ ಸದನಕ್ಕೆ ಬಂದರು.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮಲ್ಲಿನ ಪಕ್ಷದ ಹೆಸರಿನೊಂದಿಗೆ ಓದುಗರು ಗೊಂದಲ ಮಾಡಿಕೊಳ್ಳಬಾರದು. ಅದರಲ್ಲಿ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಎರಡು ಸದನಗಳಿವೆ. ಯುದ್ಧ ಸಾರುವ ಅಧಿಕಾರವನ್ನು ಅಲ್ಲಿನ ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿಲ್ಲ, ಕಾಂಗ್ರೆಸ್‌ಗೆ ಕೊಟ್ಟಿದೆ. ಆದರೆ 1942ರ ನಂತರ ಕಾಂಗ್ರೆಸ್ ಯಾವ ದೇಶದ ಮೇಲೂ ವಿಧಿವತ್ತಾಗಿ ಯುದ್ಧ ಸಾರಿಲ್ಲ. ಬದಲಿಗೆ, ಬಲಪ್ರಯೋಗಕ್ಕೆ ಅನುಮತಿ ಎಂಬ ನಿರ್ಣಯವನ್ನು ಅಂಗೀಕರಿಸಿ ಅಧ್ಯಕ್ಷರ ಕೈಗೆ ಕೊಡುವುದು ರೂಢಿಯಾಯಿತು. ಅಂದು ಸದನದ ಮುಂದೆ ಬಂದದ್ದೂ ಅಂಥದ್ದೇ ನಿರ್ಣಯ.

ಅದರ ತಿರುಳು ಸುಮಾರು 60 ಪದಗಳ ಒಂದೇ ವಾಕ್ಯದಲ್ಲಿದೆ. ದಾಳಿಯನ್ನು ಯೋಜಿಸಿದ, ನಡೆಸಿದ, ಅದಕ್ಕೆ ನೆರವಾದ ಅಥವಾ ಅಂಥವರಿಗೆ ಆಶ್ರಯ ಕೊಟ್ಟ ದೇಶ, ಸಂಘಟನೆ, ವ್ಯಕ್ತಿ ಯಾರೇ ಆಗಿರಲಿ, ಅವರ ಮೇಲೆ ಅಗತ್ಯವಾದ ಎಲ್ಲ ಬಲವನ್ನು ಅಧ್ಯಕ್ಷರು ಬಳಸಬಹುದು. ಅವರು ಯಾರು ಎಂದು ತೀರ್ಮಾನಿಸುವವರೂ ಅಧ್ಯಕ್ಷರೇ. ಅದರಲ್ಲಿ ಅಫ್ಘಾನಿಸ್ತಾನದ ಹೆಸರಿಲ್ಲ, ಅಲ್ ಖಾಯಿದಾದ ಹೆಸರಿಲ್ಲ, ಮುಗಿಯುವ ದಿನಾಂಕವೂ ಇಲ್ಲ. ಶ್ವೇತಭವನ ಮೊದಲು ಕೇಳಿದ್ದು ಇದಕ್ಕಿಂತಲೂ ದೊಡ್ಡ ಅಧಿಕಾರ. ಮುಂದೆ ಎಂದಾದರೂ ನಡೆಯಬಹುದಾದ ದಾಳಿಗಳನ್ನು ತಡೆಯಲಿಕ್ಕೂ ಅನುಮತಿ ಬೇಕೆಂದು ಕೇಳಿತ್ತು. ಕಾಂಗ್ರೆಸ್ ಅದನ್ನು ಕತ್ತರಿಸಿತು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಉಳಿದದ್ದು ಮಾತ್ರ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕೇ ಆಗಿತ್ತು.

ಸೆನೆಟ್‌ನಲ್ಲಿ 98 ಮತ ಪರ, ಸೊನ್ನೆ ವಿರೋಧ. ಅದೇ ರಾತ್ರಿ ಪ್ರತಿನಿಧಿ ಸಭೆಯಲ್ಲಿ 420 ಪರ, ಒಂದು ವಿರೋಧ. ಆ ಒಂದು ಬಾರ್ಬರಾ ಲೀ ಅವರದು.

ಅವರು ಮಾತಾಡಿದ್ದು ಎರಡು ನಿಮಿಷದ ಆಸುಪಾಸು, ಅದೂ ಗಂಟಲು ಕಟ್ಟಿಕೊಂಡು. ದೇಶ ಶೋಕದಲ್ಲಿದೆ, ಈ ಹೊತ್ತಿನಲ್ಲಿ ಯಾರಾದರೂ ಒಬ್ಬರು ಸಂಯಮದ ಮಾತಾಡಬೇಕು, ಒಂದು ಹೆಜ್ಜೆ ಹಿಂದಿಟ್ಟು ಯೋಚಿಸೋಣ, ಹೊರಬರುವ ದಾರಿಯಾಗಲೀ ಖಚಿತ ಗುರಿಯಾಗಲೀ ಇಲ್ಲದ ಯುದ್ಧಕ್ಕೆ ಇಳಿಯುವುದು ಬೇಡ ಎಂದರು. ಮಧ್ಯಾಹ್ನ ಕೇಳಿದ ಆ ಪಾದ್ರಿಯ ಮಾತನ್ನೇ ಕೊನೆಗೆ ನೆನಪಿಸಿದರು. ಸದನದ ಕಡತಕ್ಕೆ ಸೇರಿದ ಅವರ ಹೇಳಿಕೆಯಲ್ಲಿ ಇನ್ನೊಂದು ಮಾತಿದೆ: ಕೊಲೆಗಡುಕರ ಮೇಲಿನ ನಮ್ಮ ನ್ಯಾಯವಾದ ಸಿಟ್ಟು ಅರಬರ, ಮುಸ್ಲಿಮರ ಅಥವಾ ಬೇರಾವುದೇ ಜನಾಂಗದ ಮೇಲಿನ ದ್ವೇಷವಾಗಿ ಉರಿಯಬಾರದು ಎಂದು. ಮರುದಿನವೇ ಅರಿಝೋನಾದಲ್ಲಿ ಪೇಟ ಧರಿಸಿದ್ದ ಸಿಖ್ ಸಹೋದರರೊಬ್ಬರನ್ನು ಮುಸ್ಲಿಮನೆಂದು ತಿಳಿದು ಗುಂಡಿಟ್ಟು ಕೊಂದರು.

ಅದೇ ದಿನದ ಇನ್ನೊಂದು ಮತವನ್ನು ಜನ ಮರೆಯುತ್ತಾರೆ. ದಾಳಿಯ ನಂತರದ ಪರಿಹಾರಕ್ಕೂ ಭದ್ರತೆಗೂ 4,000 ಕೋಟಿ ಡಾಲರ್ ಕೊಡುವ ಮಸೂದೆ ಅಂದೇ ಪ್ರತಿನಿಧಿ ಸಭೆಯಲ್ಲಿ 422-0ರಿಂದ ಅಂಗೀಕಾರವಾಯಿತು. ಅದಕ್ಕೆ ಬಾರ್ಬರಾ ಲೀ ಹೌದು ಎಂದರು. ದಾಳಿಯನ್ನು ಖಂಡಿಸುವ ನಿರ್ಣಯಕ್ಕೂ ಅವರ ವಿರೋಧವಿರಲಿಲ್ಲ. ಅವರ ತಂದೆ ಸೈನ್ಯದ ಅಧಿಕಾರಿಯಾಗಿದ್ದವರು. ತಾನು ಎಲ್ಲ ಯುದ್ಧಗಳನ್ನೂ ವಿರೋಧಿಸುವವಳಲ್ಲ ಎಂದು ಅವರೇ ಹೇಳಿದ್ದಾರೆ. ಅವರನ್ನು ದೇಶದ್ರೋಹಿ ಎಂದು ಕರೆದವರು ಈ ಮತಗಳನ್ನು ನೋಡುವ ಗೋಜಿಗೆ ಹೋಗಲಿಲ್ಲ. ಅವರು ಬೇಡವೆಂದದ್ದು ಒಬ್ಬ ಮನುಷ್ಯನ ಕೈಗೆ ಗಡುವಿಲ್ಲದ ಅಧಿಕಾರ ಕೊಡುವುದನ್ನು, ಅಷ್ಟೇ.

ಇದನ್ನು ಅವರು ಇತಿಹಾಸದಿಂದ ಕಲಿತಿದ್ದರು. 1964ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಬಳಿಯ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಂಗ್ರೆಸ್‌ನ ಅನುಮತಿ ಕೇಳಿದರು. ಪ್ರತಿನಿಧಿ ಸಭೆ 416-0, ಸೆನೆಟ್ 88-2ರಿಂದ ಒಪ್ಪಿತು. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂದು ಆಮೇಲೆ ಬಯಲಾಯಿತು. ಅಷ್ಟರಲ್ಲಿ ಯುದ್ಧ ವರ್ಷಗಟ್ಟಲೆ ನಡೆದು 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಲಕ್ಷಾಂತರ ವಿಯೆಟ್ನಾಮೀಯರೂ ಸತ್ತಿದ್ದರು. ವಿರೋಧಿಸಿದ ಇಬ್ಬರು ಸೆನೆಟರ್‌ಗಳು ಒರೆಗಾನ್‌ನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. 1968ರಲ್ಲಿ ಇಬ್ಬರೂ ತಮ್ಮ ಸ್ಥಾನ ಕಳೆದುಕೊಂಡರು. 2001ರಲ್ಲಿ ಸದನದ ಕಡತಕ್ಕೆ ಸೇರಿದ ಆ ಹೇಳಿಕೆಯಲ್ಲಿ ಬಾರ್ಬರಾ ಲೀ ಮೋರ್ಸ್ ಅವರ ಎಚ್ಚರಿಕೆಯನ್ನು ಹೆಸರು ಹೇಳಿಯೇ ನೆನಪಿಸಿದ್ದರು. ಅದಕ್ಕೂ ಹಿಂದೆ, 1941ರಲ್ಲಿ ಜಪಾನಿನ ಮೇಲಿನ ಯುದ್ಧಕ್ಕೆ 388-1ರಲ್ಲಿ ಒಬ್ಬಂಟಿಯಾಗಿ ಬೇಡವೆಂದ ಜೆನೆಟ್ ರಾಂಕಿನ್ ಎಂಬ ಮಹಿಳೆಯಿದ್ದರು. ಅವರ ಕಥೆಯೇ ಬೇರೆ: ಗಾಂಧೀಜಿಯವರ ಅಭಿಮಾನಿ, ಮುಂದೆ ಹಲವು ಬಾರಿ ಭಾರತಕ್ಕೂ ಬಂದರು. ಅವರದು ಎಲ್ಲ ಯುದ್ಧಕ್ಕೂ ವಿರೋಧ. ಬಾರ್ಬರಾ ಲೀ ಅವರನ್ನು ಮೋರ್ಸ್ ಸಾಲಿನಲ್ಲಿ ಇಡುವುದೇ ಸರಿ ಎಂದು ನಮಗೆ ತೋರುತ್ತದೆ.

ಮುಸ್ಲಿಂ ಓದುಗರು ಸ್ವಲ್ಪ ನಿಂತು ನೋಡಬೇಕಾದ ಮತ ಒಂದಿದೆ. 1999ರ ಮಾರ್ಚ್‌ನಲ್ಲಿ ಕೊಸೊವೊದ ಅಲ್ಬೇನಿಯನ್ನರ ಮೇಲೆ ಸರ್ಬಿಯಾದ ಪಡೆಗಳು ದೌರ್ಜನ್ಯ ನಡೆಸುತ್ತಿದ್ದವು. ಆ ಅಲ್ಬೇನಿಯನ್ನರಲ್ಲಿ ಹೆಚ್ಚಿನವರು ಮುಸ್ಲಿಮರು. ನೇಟೊ ಬಾಂಬ್ ದಾಳಿ ಆರಂಭಿಸಿದಾಗ ಅದರಲ್ಲಿ ತೊಡಗಿದ್ದ ಅಮೆರಿಕನ್ ಸೈನಿಕರಿಗೆ ಬೆಂಬಲ ಸೂಚಿಸುವ ನಿರ್ಣಯ ಪ್ರತಿನಿಧಿ ಸಭೆಯಲ್ಲಿ 424-1ರಿಂದ ಅಂಗೀಕಾರವಾಯಿತು. ಅಲ್ಲಿಯೂ ಆ ಒಂದು ಮತ ಇವರದೇ. ಬೋಸ್ನಿಯಾದ ಸ್ರೆಬ್ರೆನಿತ್ಸಾ ಹತ್ಯಾಕಾಂಡ ನಡೆದು ನಾಲ್ಕು ವರ್ಷವೂ ಆಗಿರಲಿಲ್ಲ. ಯಾರಾದರೂ ಬಂದು ಕೊಸೊವೊದ ಜನರನ್ನು ಉಳಿಸಲಿ ಎಂದು ನಮ್ಮ ಮಸೀದಿಗಳಲ್ಲಿ ದುಆ ಮಾಡಿದವರು ಎಷ್ಟೋ ಮಂದಿ. ಆ ಮತ ನಮಗೆ ಸಂತೋಷ ಕೊಡುವಂಥದ್ದಲ್ಲ. ಅದು ತಪ್ಪಾಗಿತ್ತು ಎನ್ನುವವರೊಂದಿಗೆ ನಾವು ವಾದಕ್ಕೆ ನಿಲ್ಲುವುದಿಲ್ಲ.

ಆದರೆ 1999 ಮತ್ತು 2001ರ ಆ ಎರಡು ಮತಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಆಕೆಯ ನಿಲುವು ಅರ್ಥವಾಗುತ್ತದೆ. ಬಾರ್ಬರಾ ಲೀ ಮುಸ್ಲಿಮರ ಮೇಲಿನ ಪ್ರೀತಿಗಾಗಿ 2001ರಲ್ಲಿ ಮತ ಹಾಕಲಿಲ್ಲ. 1999ರಲ್ಲಿ ಮುಸ್ಲಿಮರ ವಿರೋಧಿಯೂ ಆಗಿರಲಿಲ್ಲ. ಎರಡು ಕಡೆಯೂ ಅವರು ಹಿಡಿದಿದ್ದ ಅಳತೆಗೋಲು ಒಂದೇ. ಅವರ ಅಧ್ಯಕ್ಷ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಆಗಿದ್ದಾಗಲೂ, ರಿಪಬ್ಲಿಕನ್ ಬುಷ್ ಆಗಿದ್ದಾಗಲೂ ಕೋಲು ಬದಲಾಗಲಿಲ್ಲ. ಕುಟುಂಬ ಜೀವನಕ್ಕೆ ಸಂಬಂಧಿಸಿದ ಕೆಲವು ವಿಷಯಗಳಲ್ಲಿ ಅವರ ಮತಗಳು ನಮ್ಮ ದೀನ್ ಒಪ್ಪುವಂಥವೂ ಅಲ್ಲ. ಒಬ್ಬ ಜನಪ್ರತಿನಿಧಿಯ ದಾಖಲೆಯನ್ನು ನಮಗೆ ಹಿತವಾದ ಕಡೆ ಮಾತ್ರ ಓದಿ ಹೊಗಳುವುದು, ಹಿತವಲ್ಲದ ಕಡೆ ಮಾತ್ರ ಓದಿ ತೆಗಳುವುದು, ಎರಡೂ ಅರ್ಧ ಓದು.

2001ರ ನಂತರವೂ ಅವರ ದಾರಿ ತಪ್ಪಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಜನರ ಮೇಲೆ ನಿಗಾ ಇಡಲು ಸರ್ಕಾರಕ್ಕೆ ವ್ಯಾಪಕ ಅಧಿಕಾರ ಕೊಟ್ಟ ಪೇಟ್ರಿಯಟ್ ಕಾಯ್ದೆ 357-66ರಿಂದ ಅಂಗೀಕಾರವಾಯಿತು. ವಿರೋಧಿಸಿದ 66 ಮಂದಿಯಲ್ಲಿ ಅವರೂ ಒಬ್ಬರು. 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ಕೇಳಿದಾಗ, ಮೊದಲು ವಿಶ್ವಸಂಸ್ಥೆಯ ತಪಾಸಣೆಗೆ ಅವಕಾಶ ಕೊಡೋಣ ಎಂದು ಅವರೇ ತಿದ್ದುಪಡಿ ತಂದರು. ಅದಕ್ಕೆ 72 ಮತ ಬಂತು, ವಿರೋಧ 355. ಯುದ್ಧದ ನಿರ್ಣಯ 296-133ರಿಂದ ಗೆದ್ದಿತು. ಒಂದು ವರ್ಷದ ಹಿಂದೆ ಒಬ್ಬರೇ ಇದ್ದ ಕಡೆ ಈಗ 133 ಜನ. ಇರಾಕ್‌ನಲ್ಲಿ ಇವೆಯೆಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ ಎಂಬುದನ್ನು ನಮ್ಮ ಓದುಗರಿಗೆ ಮತ್ತೆ ಹೇಳಬೇಕಿಲ್ಲ.

ಇನ್ನು ಆ 60 ಪದಗಳು ಏನಾದವು? ಅಫ್ಘಾನಿಸ್ತಾನದ ಯುದ್ಧಕ್ಕೆ ಆಧಾರವಾದವು; ಅದು 20 ವರ್ಷ ನಡೆಯಿತು. ಗ್ವಾಂಟಾನಾಮೊದಲ್ಲಿ ಸುಮಾರು 780 ಜನರನ್ನು ಸೆರೆಯಿಟ್ಟದ್ದಕ್ಕೆ ಸಮರ್ಥನೆಯಾದವು. ಹೆಚ್ಚಿನವರ ಮೇಲೆ ಯಾವ ಆರೋಪಪಟ್ಟಿಯೂ ಇರಲಿಲ್ಲ. ಯೆಮನ್, ಸೊಮಾಲಿಯಾಗಳಿಗೂ ಅವು ತಲುಪಿದವು. 2014ರಲ್ಲಿ ಐಸಿಸ್ ವಿರುದ್ಧದ ಕಾರ್ಯಾಚರಣೆಗೂ ಅದೇ ವಾಕ್ಯವನ್ನು ಬಳಸಿದರು. 2001ರಲ್ಲಿ ಆ ಸಂಘಟನೆ ಆ ರೂಪದಲ್ಲಿ ಇರಲೇ ಇಲ್ಲ. 2014ರ ಹೊತ್ತಿಗೆ ಅದು ಅಲ್ ಖಾಯಿದಾದ ಎದುರಾಳಿಯೂ ಆಗಿತ್ತು. ಕಾಂಗ್ರೆಸ್‌ನ ಸಂಶೋಧನಾ ವಿಭಾಗ 2016ರಲ್ಲಿ ಲೆಕ್ಕ ಹಾಕಿದಾಗ, 14 ದೇಶಗಳಲ್ಲಿ 37 ಸಲ ಆ ಕಾನೂನನ್ನು ಮುಂದಿಟ್ಟದ್ದು ಕಂಡುಬಂತು. ಮತ ಹಾಕಿದ 420 ಜನರಲ್ಲಿ ಅನೇಕರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಕೆಲವರು ತೀರಿಯೂ ಹೋಗಿದ್ದರು.

ಇಲ್ಲೊಂದು ಮಾತನ್ನು ನಮ್ಮ ದೇಶದ ಬಗ್ಗೆ ಹೇಳಲೇಬೇಕು. ಹೆಸರು ಸಹಿತ ಮತ ದಾಖಲಾದ ಮಸೂದೆಗಳಲ್ಲಿ ಯಾರು ಏನು ಮತ ಹಾಕಿದರು ಎಂದು ಅಮೆರಿಕದ ಮತದಾರ ಹುಡುಕಿ ನೋಡಬಲ್ಲ. ನಮ್ಮ ಸಂಸತ್ತಿನಲ್ಲಿಯೂ ವಿಧಾನಸಭೆಯಲ್ಲಿಯೂ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಸದಸ್ಯರು ಒತ್ತಾಯಿಸಿ ವಿಭಜನೆ ಕೇಳಿದಾಗ ಮಾತ್ರ ಹೆಸರು ಸಹಿತ ಲೆಕ್ಕ ಸಿಗುತ್ತದೆ. ಅದರ ಮೇಲೆ 1985ರ ಪಕ್ಷಾಂತರ ನಿಷೇಧ ಕಾಯ್ದೆ: ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಆಯಾರಾಂ-ಗಯಾರಾಂ ರಾಜಕೀಯ ತಡೆಯಲು ತಂದ ಕಾನೂನು ಅದು, ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ನಮ್ಮ ಸಂಸದರ ಸ್ವಂತ ಮತ ಎಂಬುದು ಸುಮಾರಾಗಿ ಮಾಯವಾಗಿದೆ. ನಮಗೆ ಉಳಿದಿರುವುದು ಅವರ ಭಾಷಣ, ಕೇಳಿದ ಪ್ರಶ್ನೆಗಳು, ಸದನದಲ್ಲಿ ಹಾಜರಾದ ದಿನಗಳು. ಅದನ್ನಾದರೂ ಓದುವವರು ಎಷ್ಟು ಜನ? ಮತ ಹಾಕುವುದು ಸಾಕ್ಷ್ಯ ಹೇಳಿದಂತೆ ಎಂದು ನಮ್ಮ ಉಲಮಾಗಳು ವಿವರಿಸಿದ್ದಾರೆ. ಯಾರ ಬಗ್ಗೆ ಏನೂ ಗೊತ್ತಿಲ್ಲವೋ ಅವರ ಪರವಾಗಿ ಸಾಕ್ಷಿ ನಿಲ್ಲುವವರಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಬಾರ್ಬರಾ ಲೀ ಒಂದು ಕಾಲಕ್ಕೆ ಮತದಾರರ ಪಟ್ಟಿಯಲ್ಲೇ ಇರಲಿಲ್ಲ. 1946ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. 1970ರ ದಶಕದ ಆರಂಭದಲ್ಲಿ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತ ಓಕ್ಲೆಂಡ್‌ನ ಮಿಲ್ಸ್ ಕಾಲೇಜಿನಲ್ಲಿ ಓದುತ್ತಿದ್ದರು. ಕಾಂಗ್ರೆಸ್‌ಗೆ ಆರಿಸಿ ಬಂದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಜಂ ಅಲ್ಲಿಗೆ ಮಾತಾಡಲು ಬಂದರು. ನಿಮ್ಮ ಚುನಾವಣೆಗೆ ಕೆಲಸ ಮಾಡುತ್ತೇನೆ ಎಂದ ಹುಡುಗಿಗೆ ಅವರು ಹೇಳಿದ ಮೊದಲ ಮಾತು, ಹೋಗಿ ಪಟ್ಟಿಗೆ ಹೆಸರು ಸೇರಿಸಿಕೋ ಎಂದು. ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಕೊನೆಯ ವಾರದವರೆಗೆ ಕಾಯುವ ನಮ್ಮ ಯುವಕರು ಯುವತಿಯರು ಇದನ್ನು ಓದಲಿ ಎಂದೇ ಬರೆದಿದ್ದೇವೆ.

ಆ ಒಂದು ಮತದ ನಂತರ ಅವರಿಗೆ ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು. ಹತ್ತಾರು ಸಾವಿರ ಪತ್ರಗಳು ಬಂದವು. ಬೈದವೂ ಇದ್ದವು, ಹರಸಿದವೂ ಇದ್ದವು. ಅವರದು ಯುದ್ಧವಿರೋಧಿ ಕ್ಷೇತ್ರ, ಅಲ್ಲಿ ಹೀಗೆ ಮತ ಹಾಕುವುದು ಸುಲಭ ಎಂದವರೂ ಇದ್ದಾರೆ. ಕ್ಷೇತ್ರ ಅವರನ್ನು ಕೈಬಿಡಲಿಲ್ಲ ಎಂಬುದು ನಿಜ: 2002ರಲ್ಲಿ ಶೇ. 80ಕ್ಕಿಂತ ಹೆಚ್ಚು ಮತ ಕೊಟ್ಟು ಮತ್ತೆ ಕಳಿಸಿತು. ಆದರೆ ಅದೇ ಥರದ ಸುರಕ್ಷಿತ ಕ್ಷೇತ್ರದ ಸದಸ್ಯರು ಆ 420ರಲ್ಲಿ ಬೇಕಾದಷ್ಟು ಜನ ಇದ್ದರು.

ಆಮೇಲಿನ ವರ್ಷಗಳಲ್ಲಿ ಅವರು ಆ ಕಾನೂನನ್ನು ರದ್ದು ಮಾಡುವ ಪ್ರಸ್ತಾಪವನ್ನು ಮತ್ತೆ ಮತ್ತೆ ತಂದರು, ಅದು ಮತ್ತೆ ಮತ್ತೆ ಬಿತ್ತು. 2017ರ ಜೂನ್‌ನಲ್ಲಿ ಒಂದು ಆಶ್ಚರ್ಯ ನಡೆಯಿತು. ಹಣಕಾಸು ವಿನಿಯೋಗ ಸಮಿತಿಯಲ್ಲಿ ಅವರ ತಿದ್ದುಪಡಿಗೆ, ಹಿಂದೆ ಸೈನ್ಯದಲ್ಲಿದ್ದ ರಿಪಬ್ಲಿಕನ್ ಸದಸ್ಯರೂ ಎದ್ದು ಬೆಂಬಲ ಕೊಟ್ಟರು. ಅದು ಧ್ವನಿಮತದಿಂದ ಗೆದ್ದಾಗ ಕೊಠಡಿಯಲ್ಲಿ ಚಪ್ಪಾಳೆ ಬಿತ್ತು. ಕೆಲವೇ ವಾರಗಳಲ್ಲಿ ಸದನದ ನಿಯಮ ಸಮಿತಿ ಸದ್ದಿಲ್ಲದೆ ಅದನ್ನು ಕಿತ್ತುಹಾಕಿತು. 2021ರ ಜೂನ್‌ನಲ್ಲಿ 2002ರ ಇರಾಕ್ ಅನುಮತಿಯನ್ನು ರದ್ದುಗೊಳಿಸುವ ಅವರ ಮಸೂದೆ ಪ್ರತಿನಿಧಿ ಸಭೆಯಲ್ಲಿ 268-161ರಿಂದ ಗೆದ್ದಿತು. ಸೆನೆಟ್‌ನಲ್ಲಿ ಆ ಮಸೂದೆ ಮುಂದೆ ಸಾಗಲಿಲ್ಲ.

2024ರಲ್ಲಿ ಅವರು ಸೆನೆಟ್‌ಗೆ ಸ್ಪರ್ಧಿಸಿ, ಮಾರ್ಚ್‌ನ ಪ್ರಾಥಮಿಕ ಚುನಾವಣೆಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದರು. 2025ರ ಜನವರಿಯಲ್ಲಿ ಪ್ರತಿನಿಧಿ ಸಭೆಯಿಂದ ಹೊರಬಂದಾಗ 2001ರ ಆ ವಾಕ್ಯ ಕಾನೂನು ಪುಸ್ತಕದಲ್ಲಿ ಇದ್ದ ಹಾಗೆಯೇ ಇತ್ತು. ಮೂರು ತಿಂಗಳ ನಂತರ ಓಕ್ಲೆಂಡ್‌ನ ಜನ ಅವರನ್ನು ತಮ್ಮ ನಗರದ ಮೇಯರ್ ಆಗಿ ಆರಿಸಿದರು.