ಇನ್ನೂರು ತಾಸಿನ ಹುಡುಗ

ಸಂಕ್ರಮಣದ ಜಾತ್ರೆಗೆ ಊರಿಗೆ ಹೋದಾಗೆಲ್ಲ ಸಿದ್ಧೇಶ್ವರ ಗುಡಿ ಮುಂದೆ ಯಾರಾದರೂ ಹಳಬರು ಸಿಗುತ್ತಾರೆ, ಕೈಹಿಡಿದು ಚಹಾ ಕುಡಿಸುತ್ತಾರೆ, ಬೆಂಗಳೂರಿನ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾರೆ. ಸಾಮಾನ್ಯವಾಗಿ ಅದು ಸೈಟಿನ ರೇಟು, ಇಲ್ಲವೇ ಟ್ರಾಫಿಕ್ಕು. ಈ ಸಲ ತಿಕೋಟಾದ ಕಾಕಾ ಕೇಳಿದ್ದು ಬೇರೆ.

"ತಮ್ಮಾ, ಹುಡುಗನ ಲೈಸೆನ್ಸ್ ಬಂದು ಹದಿನಾಲ್ಕ ತಿಂಗಳಾತು. ನೌಕರಿ ಯಾಕ ಬರವಲ್ದು? ಲಾರಿ ಲೈಸೆನ್ಸ್ ಇದ್ರ ಮರುದಿನಾನ ಯಾರರೆ ಕರಕೊಂಡ ಹೋಗ್ತಾರ. ಇದು ವಿಮಾನದ್ದ ಐತಲಾ!"

ಕಾಕಾ ಅಂದರೆ ನಮ್ಮಪ್ಪನ ಗೆಳೆಯ. ದ್ರಾಕ್ಷಿ ಬೆಳೆಗಾರ. ತಿಕೋಟಾ ಕಡೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ದ್ರಾಕ್ಷಿ ಅಂದರೆ ಬೆಳೆಯಷ್ಟೇ ಅಲ್ಲ, ಮನೆಯ ಮದುವೆ, ಓದು, ಸಾಲ ಎಲ್ಲದರ ಲೆಕ್ಕವೂ ಒಣದ್ರಾಕ್ಷಿಯ ದರದ ಮೇಲೆಯೇ ನಿಂತಿರುತ್ತದೆ. ಹುಡುಗನ ಪೈಲಟ್ ಟ್ರೇನಿಂಗಿಗೆ ಕಾಕಾ ಆ ತೋಟವನ್ನೇ ಬ್ಯಾಂಕಿನಲ್ಲಿ ಅಡ ಇಟ್ಟಿದ್ದಾರೆ. ಈಗ ಯಾರೋ ಏಜೆಂಟ್ ಒಬ್ಬ, "ಇನ್ನೊಂದು 20 ಲಕ್ಷ ಹಾಕಿ ಏರ್‌ಬಸ್ಸಿನ ಟೈಪ್ ರೇಟಿಂಗ್ ಮಾಡಿಸಿಬಿಡಿ, ನೌಕರಿ ತಾನಾಗೇ ಬರ್ತದ" ಎಂದು ಗಂಟುಬಿದ್ದಿದ್ದಾನಂತೆ. "ಕೊಡ್ಲ್ಯೋ, ಬ್ಯಾಡೋ? ನೀ ಹೇಳು."

ನಾನು ಸಾಫ್ಟ್‌ವೇರಿನವನು. ವಿಮಾನದಲ್ಲಿ ನನಗೆ ಗೊತ್ತಿರುವುದು ಕಿಟಕಿ ಪಕ್ಕದ ಸೀಟು ಮಾತ್ರ. ಆದರೆ ಹಳೇ ಸಂಗತಿಗಳನ್ನು ಕೆದಕುವ ಚಟ ಇದೆ. "ಎರಡ ವಾರ ಟೈಮ್ ಕೊಡ್ರಿ ಕಾಕಾ" ಎಂದು ಬಂದೆ. ಆ ಎರಡು ವಾರದ ಓದೇ ಈ ಬರಹ.

ಮೊದಲು ಕಾಕಾ ಪ್ರಶ್ನೆಯ ಗಣಿತ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, 200 ತಾಸು ಹಾರಿರಬೇಕು. ಅದರಲ್ಲಿ 100 ತಾಸು ತಾನೇ ವಿಮಾನದ ಹೊಣೆ ಹೊತ್ತು ಹಾರಿದ್ದಿರಬೇಕು. ಇದೆಲ್ಲ ಎರಡೋ ನಾಲ್ಕೋ ಸೀಟಿನ ಪುಟ್ಟ ವಿಮಾನಗಳಲ್ಲಿ. ಈಗಿನ ಖರ್ಚು ಅರ್ಧ ಕೋಟಿಯ ಆಸುಪಾಸು. ಆದರೆ ಏರ್‌ಲೈನ್ ಕ್ಯಾಪ್ಟನ್ನನಿಗೆ ಬೇಕಾದ ಎಟಿಪಿಎಲ್ ಎಂಬ ದೊಡ್ಡ ಲೈಸೆನ್ಸಿಗೆ 1,500 ತಾಸು ಬೇಕು. 200ಕ್ಕೂ 1,500ಕ್ಕೂ ನಡುವಿನ ಆ 1,300 ತಾಸನ್ನು ಯಾರ ವಿಮಾನದಲ್ಲಿ, ಯಾರ ದುಡ್ಡಿನಲ್ಲಿ ಹಾರುವುದು? ಮೊದಲ ನೌಕರಿಯ ಕಥೆಯೆಲ್ಲ ಈ ಪ್ರಶ್ನೆಯಲ್ಲೇ ಇದೆ. ಲಾರಿ ಲೈಸೆನ್ಸಿಗೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ: ಲಾರಿ ಕಲಿತವನು ಓಡಿಸುವುದು ಲಾರಿಯನ್ನೇ. ಇವನು ಕಲಿತದ್ದು ಸ್ಕೂಟರ್, ಕೇಳುತ್ತಿರುವುದು ವೋಲ್ವೋ ಬಸ್ಸು.

ಈ ಪ್ರಶ್ನೆ ಹುಟ್ಟಿದ್ದು ಯಾವಾಗ ಎಂದು ಹುಡುಕುತ್ತ ಹೋದರೆ 1932ಕ್ಕೆ ಬಂದು ನಿಲ್ಲುತ್ತೇವೆ. ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬಾಂಬೆಗೆ ಟಪಾಲು ತಂದರು. ಇದು ಎಲ್ಲರಿಗೂ ಗೊತ್ತು. ಮುಂದಿನ ಅರ್ಧವನ್ನು ನಾವು ಕನ್ನಡದವರೂ ಮರೆತಿದ್ದೇವೆ. ಬಾಂಬೆಯಿಂದ ಆ ಟಪಾಲನ್ನು ಹೊತ್ತು ಮದ್ರಾಸಿಗೆ ಹೊರಟವನು ನೆವಿಲ್ ವಿಂಟ್ಸೆಂಟ್. ಅವನು ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ನಕಾಶೆಯಲ್ಲಿ ಬಾಂಬೆಗೂ ಬಳ್ಳಾರಿಗೂ ನೇರ ಗೆರೆ ಎಳೆದು ನೋಡಿ, ಅದು ಅಥಣಿ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಕಾಕಾನ ತೋಟದಿಂದ ಬಹಳ ದೂರವಲ್ಲ.

ವಿಂಟ್ಸೆಂಟ್ ಬ್ರಿಟನ್ನಿನ ವಾಯುಪಡೆಯಲ್ಲಿ ಹಾರಿ ಪಳಗಿದವನು. ಆಮೇಲೆ ಭಾರತದ ಊರೂರು ಸುತ್ತಿ, ದುಡ್ಡು ಕೊಟ್ಟ ಜನರನ್ನು ವಿಮಾನದಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದವನು. ಅಂದರೆ ಅವನ ತಾಸುಗಳ ಖರ್ಚನ್ನು ಮೊದಲು ಸರ್ಕಾರ ಕೊಟ್ಟಿತು, ಆಮೇಲೆ ಜಾತ್ರೆಯ ಜನ ಕೊಟ್ಟರು. ಜೆ.ಆರ್.ಡಿ. ಅವರದ್ದು 1929ರಲ್ಲಿ ಭಾರತದಲ್ಲಿ ಕೊಟ್ಟ 1ನೇ ನಂಬರಿನ ಲೈಸೆನ್ಸು. ಅವರಿಗೆ ನೌಕರಿ ಹುಡುಕುವ ಗೋಜೇ ಇರಲಿಲ್ಲ, ಕಂಪನಿಯೇ ಅವರ ಮನೆಯದು.

ನಿಜವಾದ ಹುಡುಕಾಟ ಶುರುವಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಯುದ್ಧದಲ್ಲಿ ಮಿಕ್ಕ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು, ದೇಶದ ತುಂಬ ಸಣ್ಣಸಣ್ಣ ಏರ್‌ಲೈನ್‌ಗಳು ಹುಟ್ಟಿಕೊಂಡವು. ಬಾಗಿಲು ಹಲವು ಇದ್ದವು, ಆದರೆ ಆ ಬಾಗಿಲ ಮುಂದೆ ಯುದ್ಧ ಮುಗಿಸಿ ಬಂದ ಅನುಭವಿಗಳ ಸಾಲೂ ಇತ್ತು. ಆ ಸಾಲಿನಲ್ಲಿ ನಿಂತ ಪ್ರೇಮ್ ಮಾಥುರ್ ಅವರ ಕಥೆ ಕೇಳಿ. 1947ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದರು, ದೇಶದಲ್ಲಿ ಅದನ್ನು ಪಡೆದ ಮೊದಲ ಹೆಣ್ಣುಮಗಳು. ಎಂಟು ಕಂಪನಿಗಳು ಬೇಡವೆಂದವಂತೆ. ಹೆಂಗಸು ವಿಮಾನ ನಡೆಸುತ್ತಾಳೆಂದರೆ ಪ್ರಯಾಣಿಕರು ಹತ್ತಲಿಕ್ಕಿಲ್ಲ ಎಂಬ ನೆಪ. ಕೊನೆಗೆ ಕರೆದದ್ದು ನಮ್ಮ ಪಕ್ಕದ ಹೈದರಾಬಾದಿನ ಡೆಕ್ಕನ್ ಏರ್‌ವೇಸ್. 1949ರಲ್ಲಿ ಅವರು ರಾಷ್ಟ್ರೀಯ ಏರ್ ರೇಸ್ ಗೆದ್ದರು. ಬೇಕಾದ ತಾಸುಗಳೂ ತುಂಬಿದವು. ಆದರೂ ಕ್ಯಾಪ್ಟನ್ ಕುರ್ಚಿಯನ್ನು ಮಾತ್ರ ಆ ಕಂಪನಿ ಕೊಡಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಯಿತು. ಏರ್‌ಪೋರ್ಟಿಗೆ ಕ್ಯಾಬ್‌ನಲ್ಲಿ ಹೋಗುವಾಗ ನೀವೆಲ್ಲ ದಾಟಿ ಹೋಗುವ ಜಾಗವೇ ಅದು. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಎದ್ದಮೇಲೆ ಆ ಶಾಲೆಯ ರನ್‌ವೇಯಲ್ಲಿ ಬಳಸಬಹುದಾದ ಉದ್ದವೇ ಕುಗ್ಗಿ, ತರಬೇತಿಗೆ ಪೆಟ್ಟು ಬಿತ್ತು. ನಾವು ವಿಮಾನ ಹಿಡಿಯಲು ಬೇಗ ತಲುಪಲಿ ಎಂದು ಕಟ್ಟಿದ ಸೇತುವೆ, ವಿಮಾನ ಕಲಿಯುವವರ ದಾರಿಗೇ ಅಡ್ಡ ಬಂತು! ಇರಲಿ. ಆ ಶಾಲೆಯಲ್ಲಿ ಮೊದಲು ಕಲಿತು ಹೊರಬಂದವರಲ್ಲಿ ಉಷಾ ಸುಂದರಂ ಒಬ್ಬರು. ಅವರ ಗಂಡ ವಿ. ಸುಂದರಂ ಮೈಸೂರು ಮಹಾರಾಜರ ಪೈಲಟ್. ಗಂಡನ ಪಕ್ಕದ ಸೀಟಿನಲ್ಲೇ ಕೂತು ಉಷಾ ಮಹಾರಾಜರ ಡಕೋಟಾ ಹಾರಿಸಿದರು. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಮನೆಯಲ್ಲೇ ಕ್ಯಾಪ್ಟನ್ ಇರುವ ಭಾಗ್ಯ ಎಷ್ಟು ಜನಕ್ಕಿದೆ?

1953ರ ಆಗಸ್ಟ್ 1ಕ್ಕೆ ಬಾಗಿಲುಗಳೆಲ್ಲ ಒಂದಾದವು. ಡೆಕ್ಕನ್ ಏರ್‌ವೇಸ್ ಸೇರಿ ಎಂಟು ಕಂಪನಿಗಳನ್ನು ಸರ್ಕಾರ ವಹಿಸಿಕೊಂಡು ಇಂಡಿಯನ್ ಏರ್‌ಲೈನ್ಸ್ ಮಾಡಿತು. ಮುಂದಿನ ಸುಮಾರು 40 ವರ್ಷ ದೇಶದೊಳಗೆ ಹಾರಬೇಕೆಂದರೆ ಹೆಚ್ಚೂಕಡಿಮೆ ಅದೊಂದೇ ದಾರಿ. ಒಳಗೆ ಹೋದವನು ರಿಟೈರ್ ಆಗುವತನಕ ನಿಶ್ಚಿಂತ, ಹೊರಗುಳಿದವನು ಹೊರಗೇ. ಇನ್ನೊಂದು ದಾರಿ ವಾಯುಪಡೆ. ನಮ್ಮ ವಿಜಯಪುರದವರಿಗೆ ಇದು ಚೆನ್ನಾಗಿ ಗೊತ್ತು, 1963ರಲ್ಲಿ ಊರಿಗೆ ಸೈನಿಕ ಶಾಲೆ ಬಂತಲ್ಲ. ಪೈಲಟ್ ಆಗಬೇಕೆಂಬ ಹುಡುಗ ಆ ಗೇಟಿನೊಳಗೆ ಹೊಕ್ಕರೆ ಮುಂದೆ ಎನ್‌ಡಿಎ, ಆಮೇಲೆ ವಾಯುಪಡೆ. ಅಲ್ಲಿ ತಾಸುಗಳ ಖರ್ಚು ಸರ್ಕಾರದ್ದು, ಅಪ್ಪನ ತೋಟ ಅಪ್ಪನ ಹತ್ತಿರವೇ ಉಳಿಯುತ್ತದೆ. ಕಾಕಾನ ಹುಡುಗನೂ ಆರನೇ ಕ್ಲಾಸಿಗೆ ಆ ಪರೀಕ್ಷೆ ಬರೆದಿದ್ದ. ಆಗಲಿಲ್ಲ.

90ರ ದಶಕದಲ್ಲಿ ಖಾಸಗಿಯವರು ಮತ್ತೆ ಬಂದರು. ಆದರೆ ನಮ್ಮ ಕಡೆಯ ಸಾಮಾನ್ಯ ಮನೆಗಳಲ್ಲಿ "ನನ್ನ ಮಗಾ ಪೈಲಟ್ ಯಾಕಾಗಬಾರದು" ಎಂಬ ಮಾತು ಹುಟ್ಟಿದ್ದು 2003ರ ನಂತರ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು, ಕೃಷಿ ಮಾಡಿ, ಹೆಲಿಕಾಪ್ಟರ್ ಕಂಪನಿ ಕಟ್ಟಿ, ಆ ವರ್ಷ ಏರ್ ಡೆಕ್ಕನ್ ಶುರು ಮಾಡಿದರು. ಮೊದಲು ಇಳಿಸಿದ್ದು 48 ಸೀಟಿನ ಎಟಿಆರ್ ವಿಮಾನ. ಈ ಸಣ್ಣ ವಿಮಾನದ ವಿಷಯ ಇಟ್ಟುಕೊಂಡಿರಿ, ಮುಂದೆ ಬರುತ್ತದೆ.

ಒಂದರ ಹಿಂದೊಂದು ಕಂಪನಿ ಬಂದವು. ಪೇಪರಿನ ತುಂಬ "ಪೈಲಟ್‌ಗಳ ಕೊರತೆ". ಬ್ಯಾಂಕುಗಳು ಸಾಲ ಕೊಟ್ಟವು, ಹುಡುಗರು ಅಮೆರಿಕಕ್ಕೆ, ಫಿಲಿಪ್ಪೀನ್ಸಿಗೆ ಹೋಗಿ 200 ತಾಸು ಮುಗಿಸಿ ಬಂದರು. ಬಂದು ಇಳಿದಾಗ 2008. ತೈಲದ ಬೆಲೆ ಮುಗಿಲಿಗೆ ಹೋಗಿತ್ತು, ಅದರ ಬೆನ್ನಿಗೇ ಜಗತ್ತೇ ಕುಸಿದಿತ್ತು. ಆ ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ನೌಕರರನ್ನು ತೆಗೆದುಹಾಕಿ, ಗದ್ದಲವಾದ ಮೇಲೆ ಮರುದಿನವೇ ವಾಪಸ್ ಕರೆಯಿತು. ಇದ್ದವರಿಗೇ ಈ ಗತಿ ಆದಮೇಲೆ ಹೊಸಬರನ್ನು ಕೇಳುವವರಾರು? ಏರ್ ಡೆಕ್ಕನ್ನನ್ನು ನುಂಗಿದ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲ್ 17ಕ್ಕೆ ಜೆಟ್. 2023ರ ಮೇ ತಿಂಗಳಲ್ಲಿ ಗೋ ಫಸ್ಟ್.

ಒಂದು ಏರ್‌ಲೈನ್ ಮುಚ್ಚಿದರೆ 200 ತಾಸಿನವನಿಗೆ ಪೆಟ್ಟು ಎರಡು ಸಲ ಬೀಳುತ್ತದೆ. ಅವನು ಅರ್ಜಿ ಹಾಕಬಹುದಾಗಿದ್ದ ಒಂದು ಜಾಗ ಹೋಯಿತು. ಜೊತೆಗೆ, ಅಲ್ಲಿಂದ ಹೊರಬಿದ್ದ ಸಾವಿರಾರು ತಾಸಿನ ಕೋಪೈಲಟ್‌ಗಳು ಅವನಿಗಿಂತ ಮುಂದೆ ಸಾಲಿನಲ್ಲಿ ಬಂದು ನಿಂತರು.

ಹಾಗಾದರೆ ಪೇಪರಿನ ಆ "ಕೊರತೆ" ಸುಳ್ಳೇ? ಸುಳ್ಳಲ್ಲ. ಕೊರತೆ ಇರುವುದು ಎಡಗಡೆ ಕೂರುವ ಕ್ಯಾಪ್ಟನ್‌ಗಳದ್ದು, ಅದರಲ್ಲೂ ಹೊಸಬರನ್ನು ತಿದ್ದಬಲ್ಲ ಟ್ರೇನರ್ ಕ್ಯಾಪ್ಟನ್‌ಗಳದ್ದು. ಬಲಗಡೆ ಸೀಟಿಗೆ ಸಾಲು ಯಾವಾಗಲೂ ಉದ್ದ. ನಮ್ಮ ಐಟಿಯಲ್ಲೂ ಇದೇ ಅಲ್ಲವೇ? ಸೀನಿಯರ್‌ಗಳು ಸಿಗುತ್ತಿಲ್ಲ ಎಂದು ಗೋಳಾಡುವ ಕಂಪನಿಯೇ ಫ್ರೆಷರ್‌ಗಳ ಆಫರ್ ಲೆಟರನ್ನು ಮುಂದೂಡುತ್ತಿರುತ್ತದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಏಜೆಂಟ್ ಕಾಕಾಗೆ ತೋರಿಸಿದ್ದು ಈ ಅಂಕಿಗಳನ್ನೇ. ಆದರೆ ಆ ವಿಮಾನಗಳು ಬರುವುದು ಒಂದೇ ದಿನವಲ್ಲ, ವರ್ಷಗಟ್ಟಲೆ. ಬ್ಯಾಂಕಿನ ಕಂತು ಬರುವುದು ಪ್ರತಿ ತಿಂಗಳು.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಇದೆ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ತೀರಿಕೊಂಡ ಮೇಲೆ, ಏರ್‌ಲೈನಿನ ಕೋಪೈಲಟ್ ಆಗಲೂ ಸಾಮಾನ್ಯವಾಗಿ 1,500 ತಾಸು ಬೇಕು ಎಂದು ಕಾನೂನು ಮಾಡಿದರು. (ತಮಾಷೆ ಎಂದರೆ ಆ ವಿಮಾನದ ಇಬ್ಬರೂ ಪೈಲಟ್‌ಗಳಿಗೆ 1,500ಕ್ಕಿಂತ ಹೆಚ್ಚೇ ತಾಸು ಆಗಿತ್ತು.) ಅಲ್ಲಿನ ಹುಡುಗ ನಡುವಿನ ತಾಸುಗಳನ್ನು ಇನ್‌ಸ್ಟ್ರಕ್ಟರ್ ಆಗಿ, ಹೊಲಕ್ಕೆ ಔಷಧಿ ಸಿಂಪಡಿಸಿ, ಜಾಹೀರಾತಿನ ಬ್ಯಾನರ್ ಎಳೆದು ಸಂಪಾದಿಸುತ್ತಾನೆ. ನಮ್ಮಲ್ಲಿ ನೇರ 200 ತಾಸಿಗೆ ಏರ್‌ಬಸ್ಸಿನ ಬಲ ಸೀಟು ಸಿಗಬಹುದು. ಸಿಗದಿದ್ದರೆ ನಡುವೆ ಕಾಲಿಡಲು ಮೆಟ್ಟಿಲುಗಳೇ ಕಡಿಮೆ. ಇರುವ ಮೆಟ್ಟಿಲುಗಳಲ್ಲಿ ಒಂದು ಇನ್‌ಸ್ಟ್ರಕ್ಟರ್ ಕೆಲಸ, ಇನ್ನೊಂದು ಎಟಿಆರ್‌ನಂಥ ಸಣ್ಣ ವಿಮಾನ ಹಾರಿಸುವ ಕಂಪನಿಗಳು.

ಇಲ್ಲಿಗೆ ನಮ್ಮೂರಿನ ವಿಮಾನ ನಿಲ್ದಾಣದ ವಿಷಯ ಬರಲೇಬೇಕು. ಬುರಣಾಪುರ–ಮದಭಾವಿ ಹತ್ತಿರ 2021ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆದಾಗ ಯೋಜನೆ ಇದ್ದದ್ದು ಎಟಿಆರ್-72 ಇಳಿಯುವಷ್ಟು ರನ್‌ವೇ. ಆಮೇಲೆ ಏರ್‌ಬಸ್ 320 ಇಳಿಯಬೇಕು ಎಂದು ದೊಡ್ಡದು ಮಾಡಿದರು, ಪರಿಸರ ಅನುಮತಿಯ ತೊಡಕು ಸೇರಿಕೊಂಡಿತು. ದೊಡ್ಡದು ಬರಲಿ, ನನ್ನ ತಕರಾರಿಲ್ಲ. ನಾಳೆ ನಾನೂ ಅದರಲ್ಲೇ ಊರಿಗೆ ಹೋಗುವವನು. ಆದರೆ ಪಕ್ಕದ ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ನಿಲ್ದಾಣ ಶುರುವಾದಾಗ ಮೊದಲು ಬಂದದ್ದು 50 ಸೀಟಿನ ವಿಮಾನವೇ. ಸಣ್ಣ ಊರು, ಸಣ್ಣ ವಿಮಾನ, ಕಡಿಮೆ ತಾಸಿನ ಪೈಲಟ್: ಈ ಮೂರಕ್ಕೂ ಹಳೇ ನಂಟು.

ಇದನ್ನೆಲ್ಲ ಓದಿ ಮುಗಿಸಿ ಕಾಕಾಗೆ ಫೋನ್ ಮಾಡಿದೆ. ಇತಿಹಾಸ ಹೇಳಲಿಲ್ಲ, ಅಷ್ಟು ಪುರಸೊತ್ತು ಅವರಿಗಿಲ್ಲ. ಟೈಪ್ ರೇಟಿಂಗ್ ಅಂದರೆ ಒಂದೇ ಜಾತಿಯ ವಿಮಾನಕ್ಕೆ ಸಿಗುವ ಪರವಾನಗಿ, ಮಾಡಿಸಿ ಸುಮ್ಮನೆ ಕೂತರೆ ಕೈ ಜಡ್ಡುಗಟ್ಟುತ್ತದೆ, ಮತ್ತೆ ಚೆಕ್ಕು, ಮತ್ತೆ ಖರ್ಚು ಎಂದೆ. ಯಾವ ಕಂಪನಿಯಾದರೂ ಮೊದಲು ಬರವಣಿಗೆಯಲ್ಲಿ ಕರೆದರೆ ಮಾತ್ರ ಹಾಕಿರಿ, ಏಜೆಂಟನ ಬಾಯಿಮಾತಿಗೆ ಬೇಡ. ಅಷ್ಟರತನಕ ಹುಡುಗ ಇನ್‌ಸ್ಟ್ರಕ್ಟರ್ ಆಗಲಿ, ಅದಕ್ಕೂ ದುಡ್ಡು ಬೇಕು, ಆದರೆ ತಾಸು ಏರುತ್ತದೆ, ಸಂಬಳವೂ ಇಷ್ಟು ಬರುತ್ತದೆ ಎಂದೆ.

"ಅಂದ್ರ ಮಾಸ್ತರಕಿ ಅನ್ನು."

"ಹೌದ್ರಿ ಕಾಕಾ, ಮಾಸ್ತರಕಿನ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಪ್ಪಾರೂ ಮಾಸ್ತರ ಇದ್ರು. ಅದನ್ನ ಬಿಟ್ಟ ನಾ ದ್ರಾಕ್ಷಿ ಹಚ್ಚಿದೆ" ಎಂದು ನಕ್ಕರು.

ಹುಡುಗ ಈಗ ಊರಿಂದ ದೂರದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿದ್ದಾನೆ. ಬೆಳಿಗ್ಗೆ ಆರಕ್ಕೆಲ್ಲ ಮೊದಲ ವಿದ್ಯಾರ್ಥಿ, ಗಾಳಿ ಏಳುವ ಮುಂಚೆ. ಮೊನ್ನೆ ಮಾತಾಡಿದಾಗ ಲಾಗ್‌ಬುಕ್ ಎಷ್ಟಾಯಿತು ಎಂದು ಕೇಳಿದೆ.

"312 ಅಣ್ಣಾ" ಎಂದ. ಆಮೇಲೆ, "ಈ ವರ್ಷ ಮಣೂಕಾ ರೇಟ್ ಏನೈತಿ, ಅಪ್ಪ ನಿಮಗರೆ ಹೇಳ್ಯಾರೇನು? ನನಗ ಹೇಳವಲ್ಲರು."