ಹೊರಕ್ಕೆ ತಿರುಗಿದ ಬಲಗಾಲು

1975ರ ಜುಲೈನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಹರಾಜೊಂದರಲ್ಲಿ ಒಂದು ವರ್ಷ ದಾಟಿದ, ಕಡುಕಂದು ಬಣ್ಣದ ಗಂಡು ಕುದುರೆಮರಿಯೊಂದು 17,500 ಡಾಲರಿಗೆ ಮಾರಾಟವಾಯಿತು. ಅದರ ಬಲ ಮುಂಗಾಲು ನೆಟ್ಟಗಿರಲಿಲ್ಲ. ಗೊರಸು ಹೊರಕ್ಕೆ ತಿರುಗಿತ್ತು. ಮರಿ ಆ ಹರಾಜಿಗೆ ಬಂದದ್ದೂ ಬೇರೆ ದಾರಿಯಿಲ್ಲದೆ. ಕೆಂಟಕಿಯಲ್ಲಿ ಆಗ ದೊಡ್ಡ ಹರಾಜೆಂದರೆ ಕೀನ್‌ಲ್ಯಾಂಡಿನದು. ಜುಲೈ ತಿಂಗಳಲ್ಲಿ ಅಲ್ಲಿ ಆಯ್ದ ಮರಿಗಳಿಗಷ್ಟೇ ಪ್ರವೇಶ. ಮರಿಯನ್ನು ಸಾಕಿದ ಬೆನ್ ಕ್ಯಾಸಲ್‌ಮನ್ ಕೇಳಿದಾಗ ಕೀನ್‌ಲ್ಯಾಂಡಿನವರು ಆಗದು ಎಂದರು. ಅದು ಫಾಸಿಗ್-ಟಿಪ್ಟನ್ ಕಂಪನಿಯ ಹರಾಜಿಗೆ ಹೋಯಿತು. ಕೊಂಡವರು ವಾಷಿಂಗ್ಟನ್ ರಾಜ್ಯದ ಮರದ ವ್ಯಾಪಾರಿ ಮಿಕ್ಕಿ ಟೇಲರ್ ಮತ್ತು ಅವರ ಹೆಂಡತಿ ಕರೆನ್. ಮರಿಯನ್ನು ಅವರಿಗೆ ಆರಿಸಿಕೊಟ್ಟವರು ಪಶುವೈದ್ಯ ಜಿಮ್ ಹಿಲ್.

ನಮ್ಮ ಜಾತ್ರೆಗಳಲ್ಲಿ ಹೋರಿಯಾಗಲಿ ಕುದುರೆಯಾಗಲಿ, ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ಹಿಡಿದು ನೋಡುತ್ತಾರೆ. ರೇಸ್ ಕುದುರೆಯ ಪೇಟೆಯಲ್ಲಿ ಸುಳಿ ಇರುವುದು ಗುರುತಿನ ಕಾಗದದಲ್ಲಿ ಬರೆದುಕೊಳ್ಳಲು ಮಾತ್ರ. ಹುಟ್ಟಿದ ತಾರೀಖು ದಾಖಲೆಯಲ್ಲೇ ಇರುವುದರಿಂದ ಹಲ್ಲಿನ ಕೆಲಸವೂ ಇಲ್ಲ. ಮರಿ ಇನ್ನೂ ಒಂದು ಓಟವನ್ನೂ ಓಡಿರುವುದಿಲ್ಲ. ನೋಡಲು ಉಳಿಯುವುದು ವಂಶ ಮತ್ತು ಮೈಕಟ್ಟು. ಮೈಕಟ್ಟಿನಲ್ಲಿ ಕಣ್ಣು ಮೊದಲು ಹೋಗುವುದು ಮುಂಗಾಲಿಗೆ.

ಅದಕ್ಕೆ ಕಾರಣವಿದೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲೆಯೇ ಬೀಳುತ್ತದೆ. ನಾಗಾಲೋಟದಲ್ಲಿ ಒಂದು ಗಳಿಗೆ ಇಡೀ ಮೈಯ ಎರಡು ಪಟ್ಟಿಗೂ ಮಿಕ್ಕಿದ ಹೊರೆಯನ್ನು ಒಂದೇ ಕಾಲು ತಡೆಯಬೇಕು. ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದೇ ಇಲ್ಲ, ಎಲುಬು ಮತ್ತು ಅದನ್ನು ಬಿಗಿದ ನಾರುಗಳಷ್ಟೆ. ಹಾಗಾಗಿ ಬಲ್ಲವರು ಮರಿಯ ಎದುರು ನಿಂತು, ಭುಜದ ತುದಿಯಿಂದ ನೆಲಕ್ಕೆ ತೂಗುಗುಂಡು ಇಳಿಬಿಟ್ಟಂತೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯುತ್ತಾರೆ. ಅದು ಮಂಡಿಯನ್ನೂ ಕೆಳಗಿನ ಕೀಲನ್ನೂ ಗೊರಸನ್ನೂ ನಡುಮಧ್ಯದಲ್ಲಿ ಸೀಳಬೇಕು. ಆಮೇಲೆ ಪಕ್ಕದಿಂದ ನೋಡುತ್ತಾರೆ. ಮಂಡಿ ತುಸು ಮುಂದಕ್ಕೆ ಬಾಗಿದ್ದರೆ ಹೆಚ್ಚಿನವರು ಕ್ಷಮಿಸುತ್ತಾರೆ. ಹಿಂದಕ್ಕೆ ಬಾಗಿದ್ದರೆ ಕೈ ಎತ್ತುವುದಿಲ್ಲ. ಕೊನೆಗೆ ಮರಿಯನ್ನು ನಡೆಸಿ ನೋಡುತ್ತಾರೆ. ಗೊರಸು ಹೊರಕ್ಕೆ ತಿರುಗಿದ ಕಾಲು ಎತ್ತಿದಾಗ ಒಳಕ್ಕೆ ಬೀಸುತ್ತದೆ. ವೇಗದಲ್ಲಿ ಅದು ಪಕ್ಕದ ಕಾಲಿಗೆ ಬಡಿಯಬಹುದು.

ಇಷ್ಟೆಲ್ಲ ನೋಡಿದರೂ ಒಂದು ತೊಡಕು ಉಳಿಯುತ್ತದೆ: ಮರಿ ಇನ್ನೂ ಬೆಳೆಯುತ್ತಿದೆ. ಗೊರಸಿನ ಮೇಲಿನ ಕೀಲಿನ ಬಳಿ ಎಲುಬು ಬೆಳೆಯುವುದು ಹುಟ್ಟಿದ ಮೊದಲ ಕೆಲವೇ ತಿಂಗಳು. ಅಲ್ಲಿನ ಸೊಟ್ಟನ್ನು ಗೊರಸು ಕೆತ್ತಿ ತಿದ್ದುವುದಿದ್ದರೆ ಆಗಲೇ ತಿದ್ದಬೇಕು. ಮಂಡಿಯ ಬಳಿಯ ಬೆಳವಣಿಗೆ ಎರಡು ವರ್ಷ ದಾಟುವವರೆಗೂ ನಡೆಯುತ್ತದೆ. ಅಂದರೆ ಹರಾಜಿನ ದಿನ ಕಂಡ ಸೊಟ್ಟಿನಲ್ಲಿ ಯಾವುದು ಇದ್ದಂತೆಯೇ ಉಳಿಯುವುದು, ಯಾವುದು ಇನ್ನೂ ಬದಲಾಗುವುದು ಎಂದು ಬೇರ್ಪಡಿಸಬಲ್ಲವರಿಗೆ ಬೇರೆಯವರು ಬಿಟ್ಟ ಮರಿ ಅಗ್ಗಕ್ಕೆ ಸಿಗುತ್ತದೆ.

ಟೇಲರ್ ದಂಪತಿಯ ಮರಿಗೆ ಸಿಯಾಟಲ್ ಸ್ಲೂ ಎಂದು ಹೆಸರಿಟ್ಟರು. ಅದನ್ನು ಪಳಗಿಸಿದವರು ಅದರ ಒಡ್ಡೊಡ್ಡಾದ ನಡಿಗೆ ನೋಡಿ, ಕಾರ್ಟೂನಿನ ದೈತ್ಯ ಬಾತುಮರಿ 'ಬೇಬಿ ಹ್ಯೂಯಿ'ಯ ಹೆಸರಿನಿಂದ ಕರೆದರು. ಓಡತೊಡಗಿದ ಮೇಲೆ ನಗುವವರಿರಲಿಲ್ಲ. 1976ರಲ್ಲಿ ಎರಡು ವರ್ಷದ ಕುದುರೆಗಳಲ್ಲಿ ಅದೇ ಚಾಂಪಿಯನ್. 1977ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದಿತು. ಅಲ್ಲಿಯವರೆಗೆ ಒಂದೂ ಸೋಲು ಕಾಣದೆ ಈ ತ್ರಿವಳಿ ಮುಕುಟ ತೊಟ್ಟ ಮೊದಲ ಕುದುರೆ ಅದು. ಒಟ್ಟು 17 ಓಟ, 14 ಗೆಲುವು, 12 ಲಕ್ಷ ಡಾಲರಿಗೂ ಮೀರಿದ ಬಹುಮಾನ.

ಹತ್ತು ವರ್ಷದ ಬಳಿಕ, 1985ರಲ್ಲಿ, ಸ್ಲೂವಿನ ತಾಯಿ ಮೈ ಚಾರ್ಮರ್‌ನ ಇನ್ನೊಂದು ಮರಿ ಹರಾಜಿಗೆ ಬಂತು. ತಂದೆ ಹೆಸರಾಂತ ನಿಜಿನ್‌ಸ್ಕಿ. ಈ ಸಲ ಬಾಗಿಲು ತೆರೆದಿದ್ದು ಅದೇ ಕೀನ್‌ಲ್ಯಾಂಡ್, ಅದೇ ಜುಲೈ ಹರಾಜು. ಬೆಲೆ 1.31 ಕೋಟಿ ಡಾಲರ್. ಆ ವಯಸ್ಸಿನ ಮರಿಗೆ ಅಷ್ಟು ಹಣ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಸಿಯಾಟಲ್ ಡಾನ್ಸರ್ ಎಂಬ ಈ ತಮ್ಮ ಐದು ಸಲ ಓಡಿ ಎರಡು ಸಲ ಗೆದ್ದಿತು. ಕೆಟ್ಟ ಕುದುರೆಯೇನಲ್ಲ. ಅದಕ್ಕೂ ಎರಡು ವರ್ಷ ಮುಂಚೆ 1.02 ಕೋಟಿಗೆ ಹೋಗಿದ್ದ ಸ್ನಾಫಿ ಡಾನ್ಸರ್ ಒಂದು ಸಲವೂ ಓಡಲಿಲ್ಲ.

ಹಾಗೆಂದು ಸೊಟ್ಟಕಾಲಿನ ಮರಿಯೇ ಲಾಭವೆಂದು ಹೊರಟರೆ ಕೈ ಸುಟ್ಟುಕೊಳ್ಳುವುದು ಖಂಡಿತ. ಗೆದ್ದ ಸ್ಲೂವಿನ ಹೆಸರು ಉಳಿಯಿತು, ಅಂಥದೇ ಕಾಲಿನಲ್ಲಿ ಕುಂಟಿ ಮರೆಯಾದ ಮರಿಗಳ ಹೆಸರು ಯಾರಿಗೂ ನೆನಪಿಲ್ಲ. ಆದರೂ ಹಳಬರ ತೂಗುಗುಂಡಿನ ಗೆರೆಯೇ ಕೊನೆಯ ಮಾತಲ್ಲ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು ರೇಸ್ ಕುದುರೆಗಳ ಕಾಲುಗಳನ್ನು ಅಳೆದು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿಯಿಂದ ಕೆಳಗೆ ಕಾಲು ತುಸು ಹೊರಕ್ಕೆ ವಾಲಿದ್ದ ಕುದುರೆಗಳಲ್ಲಿ ಮಂಡಿಯ ಎಲುಬು ಮುರಿಯುವ ಸಂಭವ ಕಡಿಮೆಯೆಂದು ಕಂಡುಬಂತು.

1978ರಲ್ಲಿ ಸ್ಲೂವನ್ನು ತಳಿಗೆಂದು ಪಾಲುದಾರಿಕೆಗೆ ಕೊಟ್ಟಾಗ ಕಟ್ಟಿದ ಬೆಲೆ 1.2 ಕೋಟಿ ಡಾಲರ್. ಮುಪ್ಪಿನಲ್ಲಿ ಅದನ್ನು ಕಾಡಿದ್ದು ಕುತ್ತಿಗೆಯ ಎಲುಬಿನ ಸವೆತ. ಅದಕ್ಕಾಗಿ 2000ದಲ್ಲೊಮ್ಮೆ, 2002ರಲ್ಲೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. 2002ರ ಮೇ 7ರಂದು, ಡರ್ಬಿ ಗೆದ್ದು ಸರಿಯಾಗಿ 25 ವರ್ಷ ತುಂಬಿದ ದಿನ, ಅದು ಸತ್ತಿತು.