ಒಂಬತ್ತರಲ್ಲಿ ಇಬ್ಬರು

ಲೋಕಮಾನ್ಯ ತಿಲಕರ 1908ರ ರಾಜದ್ರೋಹದ ವಿಚಾರಣೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವವರು ಇಬ್ಬರು: ಕಟಕಟೆಯಲ್ಲಿ ನಿಂತ ತಿಲಕರು, ಪೀಠದಲ್ಲಿದ್ದ ನ್ಯಾಯಮೂರ್ತಿ ದಾವರ್. 1897ರಲ್ಲಿ ಇದೇ ತಿಲಕರಿಗೆ ಜಾಮೀನು ಕೊಡಿಸಲು ವಾದಿಸಿದ್ದ ವಕೀಲರೇ ಈ ದಾವರ್ ಎಂಬುದು ಕಥೆಗೆ ಇನ್ನಷ್ಟು ರುಚಿ ಕೊಡುತ್ತದೆ. ಆದರೆ ನನ್ನ ಮನಸ್ಸು ಹೋಗುವುದು ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ಒಂಬತ್ತು ಮಂದಿ ಜ್ಯೂರರ ಕಡೆಗೆ. ಆರೋಪಿಯು ಅಪರಾಧಿಯೋ ಅಲ್ಲವೋ ಎಂದು ಹೇಳುವ ಹೊಣೆ ಅವರದಾಗಿತ್ತು.

ಜ್ಯೂರಿ ಇಂಗ್ಲಿಷರು ತಂದ ಪದ್ಧತಿ. ಅವರ ನಾಡಿನಲ್ಲಿ ಆಗ ಹನ್ನೆರಡು ಜನರೂ ಒಂದೇ ಮಾತು ಹೇಳಬೇಕಾಗಿತ್ತು. ಒಬ್ಬ ಹಟ ಹಿಡಿದರೂ ತೀರ್ಪು ಆಗದು. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ವಿಲಿಯಂ ಪೆನ್ನನನ್ನು ಅಪರಾಧಿಯೆನ್ನಲು ಒಪ್ಪದ ಜ್ಯೂರರನ್ನು ಅನ್ನ, ನೀರು, ಬೆಂಕಿ ಇಲ್ಲದೆ ಕೂಡಿಹಾಕಿದರು; ಆಮೇಲೆ ದಂಡ ಹೇರಿದರು. ಎಡ್ವರ್ಡ್ ಬುಷೆಲ್ ಮುಂತಾದವರು ದಂಡ ತೆರಲೊಲ್ಲದೆ ಸೆರೆಮನೆ ಸೇರಿದರು. ಕೊಟ್ಟ ತೀರ್ಪಿಗಾಗಿ ಜ್ಯೂರರನ್ನು ಶಿಕ್ಷಿಸಕೂಡದೆಂದು ಸಾರಿ ಮುಖ್ಯ ನ್ಯಾಯಾಧೀಶ ವಾನ್ ಅವರನ್ನು ಬಿಡಿಸಿದನು.

ಕಡಲು ದಾಟಿ ಬರುವಾಗ ಈ ಪದ್ಧತಿಯ ಹಲ್ಲುಗಳು ಉದುರಿದವು. ಇಲ್ಲಿನ ಹೈಕೋರ್ಟುಗಳಲ್ಲಿ ಜ್ಯೂರರು ಒಂಬತ್ತು ಮಂದಿ. ಆರು ಮಂದಿ ಒಂದು ಕಡೆಯಾಗಿ ನ್ಯಾಯಾಧೀಶರೂ ಒಪ್ಪಿದರೆ ಅಲ್ಲಿಗೆ ಮುಗಿಯಿತು. 1897ರಲ್ಲಿ ತಿಲಕರ ಮೊದಲ ರಾಜದ್ರೋಹದ ಮೊಕದ್ದಮೆ ನಡೆದಾಗ ಆರು ಮಂದಿ ಐರೋಪ್ಯರು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. ಲೆಕ್ಕ ಸರಿಹೋಯಿತು, ತಿಲಕರಿಗೆ ಹದಿನೆಂಟು ತಿಂಗಳ ಸೆರೆ.

1908ರಲ್ಲಿ ಸರ್ಕಾರ 'ವಿಶೇಷ ಜ್ಯೂರಿ' ಬೇಕೆಂದು ಕೇಳಿತು. ಅದರಲ್ಲಿ ಐರೋಪ್ಯರೇ ತುಂಬುತ್ತಾರೆ, 'ಕೇಸರಿ'ಯ ಲೇಖನಗಳು ಇರುವುದು ಮರಾಠಿಯಲ್ಲಿ ಎಂದು ತಿಲಕರ ಕಡೆಯವರು ಆಕ್ಷೇಪಿಸಿದರು. ಫಲವಿಲ್ಲ. ಏಳು ಮಂದಿ ಐರೋಪ್ಯರು, ಇಬ್ಬರು ಪಾರ್ಸಿಗಳು ಕುಳಿತರು. ಮರಾಠಿಯ ಮಾತನ್ನು ಸರ್ಕಾರಿ ಭಾಷಾಂತರದಲ್ಲಿ ಓದಿ ಬರೆದವನ ಮನಸ್ಸನ್ನು ಅಳೆಯಬೇಕು! ತಿಲಕರು ಈ ಭಾಷಾಂತರದ ತಪ್ಪುಗಳನ್ನೇ ಒಂದೊಂದಾಗಿ ಎತ್ತಿ ತೋರಿಸಿದರು. ತಮ್ಮ ಪರವಾಗಿ ತಾವೇ ವಾದಿಸಿದ ಅವರ ಭಾಷಣ ಇಪ್ಪತ್ತೊಂದು ಗಂಟೆಗೂ ಮೀರಿತು.

ಕೊನೆಯಲ್ಲಿ ಅವರು ಜ್ಯೂರರನ್ನು ಬೇಡಿದ್ದನ್ನು ನೋಡಿ. ನಿಮ್ಮಲ್ಲಿ ಒಬ್ಬರಾದರೂ ನಾನು ಮಾಡಿದ್ದು ಸರಿ ಎಂದರೆ ಸಾಕು, ಇಂಗ್ಲೆಂಡಿನಂತೆ ಇಲ್ಲಿ ಅದರಿಂದ ಮರುವಿಚಾರಣೆ ಆಗುವುದಿಲ್ಲವೆಂದು ಬಲ್ಲೆ, ಆದರೂ ಅದು ನನಗೆ ನೈತಿಕ ಬಲ ಎಂಬುದು ಆ ಮಾತಿನ ಸಾರ. ಕಾನೂನು ತಿಳಿದವರು ಬಿಡುಗಡೆಯ ಆಸೆಯಿಂದ ಆಡಿದ ಮಾತು ಇದಲ್ಲವೆಂದು ನನಗನಿಸುತ್ತದೆ.

ಜುಲೈ 22ರ ರಾತ್ರಿ ತೀರ್ಪು ಬಂತು: ಏಳು ಮಂದಿ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಕೇಳಿದ್ದು ಒಬ್ಬರನ್ನು, ಸಿಕ್ಕಿದವರು ಇಬ್ಬರು. ಆರು ವರ್ಷದ ಗಡೀಪಾರು, ಸಾವಿರ ರೂಪಾಯಿ ದಂಡ, ಮಾಂಡಲೆಯ ಸೆರೆಮನೆ, ಯಾವುದೂ ತಪ್ಪಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು.

ಸ್ವತಂತ್ರ ಭಾರತದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಉಳಿಯಲಿಲ್ಲ. ಮುಂಬಯಿ ಹೈಕೋರ್ಟಿನಲ್ಲಿ ತಿಲಕರು ಆ ರಾತ್ರಿ ಆಡಿದ ನುಡಿಗಳ ಫಲಕವಿದೆ. ಜ್ಯೂರಿ ಏನೇ ಹೇಳಿದರೂ ತಾವು ನಿರಪರಾಧಿ ಎಂಬುದೇ ಅದರ ಮೊದಲ ಮಾತು. ಆ ಜ್ಯೂರಿಯಲ್ಲಿ ಇಬ್ಬರು ಅದನ್ನೇ ಹೇಳಿದ್ದರು.